ಆ ಚೀಟಿಯಲ್ಲಿ ಏನು ಬರೆಯುತ್ತೀರಿ?

ತುಮಕೂರು, ಗುಬ್ಬಿ, ಕುಣಿಗಲ್ ಕಾಲೇಜುಗಳಲ್ಲಿ ಇತಿಹಾಸ ಓದುತ್ತಿರುವ ಮಕ್ಕಳಿಗೆ,

ಹೋದ ಭಾನುವಾರ ನಿಮ್ಮಲ್ಲಿ ಆರು ಮಂದಿ ಗುಬ್ಬಿಯ ನಮ್ಮ ಮನೆಗೆ ಬಂದು, ಜಗಲಿ ಮೇಲೆ ಕೂತು, ನಿಮ್ಮ ಪ್ರದರ್ಶನದ ಪಟ್ಟಿ ಓದಿ ಹೇಳಿದಿರಿ. ಊರೂರಿನ ಮನೆಗಳಿಂದ ಹಳೆಯ ವಸ್ತು ಬೇಡಿ ತಂದು ಒಂದು ವಾರ ಮ್ಯೂಸಿಯಂ ಥರ ಜೋಡಿಸಿಡುತ್ತೇವೆ ಅಂದಿರಿ. ಕೇಳಿ ಹೊಟ್ಟೆ ತುಂಬಿತು. ಆಮೇಲೆ ಮೇಜುಗಳ ಹೆಸರು ಓದಿದಿರಿ: ಹಿಂದೂ ಕಲೆ, ಜೈನ ಕಲೆ, ಮುಸ್ಲಿಂ ಕಲೆ, ಜಾನಪದ. ‘ಸರಿಯಾಗಿದೆಯಾ ಮೇಡಂ?’ ಎಂದು ಕೇಳಿದಿರಿ. ನಾನು ಕಾಫಿ ತರುತ್ತೇನೆಂದು ಎದ್ದು ಹೋದೆ. ಉತ್ತರ ಬಾಯಿಗೆ ಬರಲಿಲ್ಲ. ನಾಲ್ಕು ದಿನ ಯೋಚಿಸಿ ಈಗ ಬರೆಯುತ್ತಿದ್ದೇನೆ. ನಿಮ್ಮ ಮೂರೂ ಊರಿನ ಗೆಳೆಯರು ಓದಲಿ, ನಾಳೆ ದೊಡ್ಡ ಮ್ಯೂಸಿಯಂಗಳಲ್ಲಿ ಕೆಲಸಕ್ಕೆ ಸೇರುವವರೂ ಓದಲಿ ಎಂದು ಎಲ್ಲರ ಮುಂದೆಯೇ ಬರೆಯುತ್ತಿದ್ದೇನೆ.

ಸರಿಯಾಗಿಲ್ಲ ಮಕ್ಕಳೇ. ಮೂರನೇ ಮೇಜು ಸರಿಯಾಗಿಲ್ಲ.

ಯಾಕೆಂದು ಹೇಳುವುದಕ್ಕೆ ಒಂದು ನಾಣ್ಯ ಸಾಕು. ಹೈದರ್ ಅಲಿ 1763ರಲ್ಲಿ ಬಿದನೂರು ಗೆದ್ದ ಮೇಲೆ ಚಿನ್ನದ ವರಹ ಹಾಕಿಸಿದ. ಅಂಗಿಯ ಗುಂಡಿಯಷ್ಟು ಅಗಲ, ಅಷ್ಟೆ. ಒಂದು ಮುಖದಲ್ಲಿ ಶಿವ ಪಾರ್ವತಿಯರು ಕೂತಿದ್ದಾರೆ. ಇನ್ನೊಂದು ಮುಖ ತಿರುಗಿಸಿದರೆ ಸಣ್ಣ ಸಣ್ಣ ಚುಕ್ಕಿಗಳ ನಡುವೆ ಪಾರಸಿ ಲಿಪಿಯ ಒಂದೇ ಒಂದು ಅಕ್ಷರ, ಹೈದರನ ಹೆಸರಿನ ಮೊದಲ ‘ಹೆ’. ಬಿದನೂರಿನಲ್ಲಿ ಮೊದಲಿಂದ ನಡೆಯುತ್ತಿದ್ದ, ಇದೇ ಚಿತ್ರದ ಇಕ್ಕೇರಿ ವರಹವನ್ನು ಜನ ನಂಬಿದ್ದರು, ವ್ಯಾಪಾರಿಗಳು ಕಣ್ಣು ಮುಚ್ಚಿ ತಗೊಳ್ಳುತ್ತಿದ್ದರು. ಹೈದರ್ ಆ ನಂಬಿಕೆಯನ್ನು ಕೆಡಿಸದೆ ಹಿಂಬದಿಯಲ್ಲಿ ತನ್ನ ರುಜು ಹಾಕಿದ. ಈ ನಾಣ್ಯ ನಿಮ್ಮ ಕೈಗೆ ಬಂದರೆ ಯಾವ ಮೇಜಿನ ಮೇಲೆ ಇಡುತ್ತೀರಿ? ಶಿವನ ಮುಖ ಮೇಲಾಗಿ ಮೊದಲನೆಯದರ ಮೇಲೋ, ಮಗುಚಿ ಮೂರನೆಯದರ ಮೇಲೋ? ನನ್ನನ್ನು ಕೇಳಿದರೆ ಅದರ ಕೆಳಗೆ ಒಂದು ಪುಟ್ಟ ಕನ್ನಡಿ ಇಡಿ. ಎರಡು ಮುಖವೂ ಒಟ್ಟಿಗೇ ಕಾಣಬೇಕು.

ನಿಮ್ಮಲ್ಲೊಬ್ಬಳು ತೋರಿಸಿದ ಆನೆ ಚಿತ್ರದ ತಾಮ್ರದ ಕಾಸು ಟಿಪ್ಪುವಿನದು. ಅದರ ಇಸವಿ ಓದಲಾಗಲಿಲ್ಲ ಎಂದು ಆಕೆ ಬೇಜಾರು ಮಾಡಿಕೊಂಡಿದ್ದಳು. ಓದಲಾಗದ್ದು ಅವಳ ತಪ್ಪಲ್ಲ. ಟಿಪ್ಪು 1787ರಲ್ಲಿ ಮೌಲೂದಿ ಎಂಬ ಹೊಸ ಶಕೆ ತಂದಾಗ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಯಿಸಿದ. ನಾವು ಓದುವ ಹಾಗೆ ಓದಿದರೆ 5121, ಅವನು ಬರೆಸಿದ ಹಾಗೆ ಓದಿದರೆ 1215. ಇನ್ನೂ ಒಂದು ಸಂಗತಿ ಇದೆ. ಆ ಶಕೆಯ ವರ್ಷಗಳಿಗೆ ಅವನು ಇಟ್ಟ ಹೆಸರುಗಳು ಅರಬ್ಬಿ, ಪಾರಸಿಯವು. ಅವುಗಳ ಸುತ್ತು ಮಾತ್ರ ನಮ್ಮ ಪ್ರಭವ, ವಿಭವಗಳ ಅರವತ್ತು ಸಂವತ್ಸರದ ಸುತ್ತೇ. ಅಧಿಕಮಾಸವೂ ನಮ್ಮ ಪಂಚಾಂಗದ್ದೇ. ಅಂಗೈಯಲ್ಲಿ ಹಿಡಿಯುವ ಒಂದು ಕಾಸಿನ ಹಿಂದೆ ಪಾರಸಿ ಬಲ್ಲ ಮುನ್ಷಿಯೂ ಇದ್ದಾನೆ, ಪಂಚಾಂಗ ಬಲ್ಲ ಜೋಯಿಸನ ಲೆಕ್ಕವೂ ಇದೆ. ‘ಮುಸ್ಲಿಂ ಕಾಲದ ನಾಣ್ಯ’ ಎಂದು ಚೀಟಿ ಬರೆದರೆ ಇದೆಲ್ಲ ಎಲ್ಲಿ ಹೋಗುತ್ತದೆ?

ಈ ಗೊಂದಲ ನಿಮಗೆ ಮಾತ್ರ ಇಲ್ಲ. ‘ಇಸ್ಲಾಮಿಕ್ ಕಲೆ’ ಎಂಬ ಹೆಸರನ್ನು ಗಟ್ಟಿ ಮಾಡಿದವರು ಯೂರೋಪಿನ ಸಂಗ್ರಹಕಾರರು ಮತ್ತು ವಿದ್ವಾಂಸರು. ಸ್ಪೇನಿನ ದಂತದ ಪೆಟ್ಟಿಗೆ, ಇರಾನಿನ ರತ್ನಗಂಬಳಿ, ನಮ್ಮ ಬೀದರಿನ ಹುಕ್ಕಾ ಬುರುಡೆ, ಎಲ್ಲವನ್ನೂ ಅವರು ಒಂದೇ ಕಪಾಟಿಗೆ ಹಾಕಿದರು. ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಂ ತನ್ನ ಇಸ್ಲಾಮಿಕ್ ವಿಭಾಗವನ್ನು 2003ರಲ್ಲಿ ಮುಚ್ಚಿ, ಎಂಟು ವರ್ಷ ರಿಪೇರಿ ಮಾಡಿ, 2011ರಲ್ಲಿ ತೆರೆದಾಗ ಬಾಗಿಲ ಮೇಲಿನ ಹೆಸರೇ ಬದಲಾಗಿತ್ತು. ಅರಬ್ ನಾಡುಗಳು, ತುರ್ಕಿ, ಇರಾನ್, ಮಧ್ಯ ಏಷ್ಯಾ ಮತ್ತು ನಂತರದ ದಕ್ಷಿಣ ಏಷ್ಯಾದ ಕಲೆ ಎಂದು ಊರುಗಳ ಹೆಸರನ್ನೇ ಉದ್ದಕ್ಕೆ ಬರೆದರು. ಬಾಯಿಗೆ ಸುಲಭವಾಗಿ ಬರುವ ಹೆಸರಲ್ಲ, ನಿಜ. ಆದರೆ ಧರ್ಮದ ಜಾಗಕ್ಕೆ ಊರು ಬಂತು. 2015ರಲ್ಲಿ ಅದೇ ಮ್ಯೂಸಿಯಂನಲ್ಲಿ ನವೀನಾ ನಜತ್ ಹೈದರ್ ಮತ್ತು ಮರೀಕಾ ಸರ್ದಾರ್ ದಖನ್ನಿನ ಸುಲ್ತಾನರ ಕಲೆಯ ದೊಡ್ಡ ಪ್ರದರ್ಶನ ಮಾಡಿದರು. ಬಿಜಾಪುರ, ಬೀದರ್, ಗೋಲ್ಕೊಂಡ, ಅಹಮದ್‌ನಗರಗಳ ಕಲೆ ಮೊಗಲರದರ ಬಾಲವಲ್ಲ, ಅದಕ್ಕೆ ಅದರದೇ ಮುಖವಿದೆ ಎಂದು ತೋರಿಸಿಕೊಟ್ಟ ಪ್ರದರ್ಶನ ಅದು. ಅಷ್ಟು ದೂರದವರು ನಮ್ಮ ವಸ್ತುವನ್ನು ಅದರ ಊರಿನ ಹೆಸರಿಂದ ಕರೆಯಲು ಕಲಿತಿರುವಾಗ ನಾವು ಅದನ್ನು ಮತ್ತೆ ಜಾತಿಯ ಕಪಾಟಿಗೆ ಹಾಕುವುದು ನನಗೆ ಸಹಿಸಲಾಗುವುದಿಲ್ಲ.

ಊರು ಎಂದರೆ ನಮಗೆ ಶಿರಾ. ತುಮಕೂರಿನಿಂದ ಬಸ್ಸು ಹತ್ತಿದರೆ ಐವತ್ತು ಚಿಲ್ಲರೆ ಕಿಲೋಮೀಟರ್. ರತ್ನಗಿರಿಯ ಕಸ್ತೂರಿ ರಂಗಪ್ಪ ನಾಯಕ ಕಟ್ಟಲು ಶುರುಮಾಡಿದ ಊರು. ಕೋಟೆ ಮುಗಿಯುವ ಮೊದಲೇ 1638ರಲ್ಲಿ ಬಿಜಾಪುರದ ರಣದುಲ್ಲಾ ಖಾನನ ಕೈಗೆ ಹೋಯಿತು. 1687ರಲ್ಲಿ ಮೊಗಲರದಾಯಿತು. ಬಸವಾಪಟ್ಟಣದಿಂದ ಕೋಲಾರದವರೆಗಿನ ಏಳು ಪರಗಣಗಳಿಗೆ ಅದೇ ರಾಜಧಾನಿ. ಅಲ್ಲಿ ಬಿಜಾಪುರದ ಸುಬೇದಾರ ಮಲಿಕ್ ರಿಹಾನನ ಗೋರಿ ಇದೆ, 1651ರದು. ಕಡಿದ ಕಲ್ಲಿನ ಜಾಮಿಯಾ ಮಸೀದಿ ಇದೆ, 1696ರದು. ಕೊನೆಯ ಮೊಗಲ್ ನವಾಬ ದಿಲಾವರ್ ಖಾನನ ಅರಮನೆಯನ್ನು ನೋಡಿಯೇ ಬೆಂಗಳೂರು, ಶ್ರೀರಂಗಪಟ್ಟಣದ ಅರಮನೆಗಳ ಮಾದರಿ ಹುಟ್ಟಿತೆಂದೂ, ಶಿರಾದ ಖಾನ್‌ಬಾಗ್ ತೋಟವೇ ಲಾಲ್‌ಬಾಗ್‌ಗೆ ಪ್ರೇರಣೆಯಾಗಿರಬಹುದೆಂದೂ ಬ್ರಿಟಿಷರ ಕಾಲದ ರೈಸ್ ಸಾಹೇಬರು ತಮ್ಮ ಮೈಸೂರು ಗೆಜೆಟಿಯರಿನಲ್ಲಿ ಬರೆದಿದ್ದಾರೆ. ಬೆಂಗಳೂರಿಗೆ ಹೋಗಿ ಲಾಲ್‌ಬಾಗ್ ನೋಡಿ ಬರುವ ನಮ್ಮ ಮಕ್ಕಳಲ್ಲಿ ಎಷ್ಟು ಜನಕ್ಕೆ ಶಿರಾ ನೆನಪಾಗುತ್ತದೆ? ನನ್ನ ಮೂವತ್ತು ವರ್ಷದ ನೌಕರಿಯಲ್ಲಿ ನಾನೂ ಅದನ್ನು ಸಾಕಷ್ಟು ಹೇಳಿಕೊಡಲಿಲ್ಲ.

ಶಿರಾದ ಬಗ್ಗೆ ಚೀಟಿ ಬರೆಯುವಾಗ ಇನ್ನೊಂದು ಎಚ್ಚರ. ‘ಭಾವೈಕ್ಯದ ಸಂಕೇತ’ ಎಂದು ಬರೆದು ಕೈ ತೊಳೆದುಕೊಳ್ಳಬೇಡಿ. ಅದೂ ಒಂದು ಬಗೆಯ ಸೋಮಾರಿತನವೇ. ಶಿರಾವನ್ನು ಯುದ್ಧ ಮಾಡಿ ಗೆದ್ದರು, ಸೋತರು, ಮತ್ತೆ ಗೆದ್ದರು. ಟಿಪ್ಪು ಶ್ರೀರಂಗಪಟ್ಟಣದ ಗಂಜಾಂ ಪೇಟೆ ಕಟ್ಟಲು ಶಿರಾದಿಂದ 12,000 ಸಂಸಾರಗಳನ್ನು ಬಲವಂತವಾಗಿ ಎಬ್ಬಿಸಿಕೊಂಡು ಹೋದನೆಂದು ಅದೇ ಗೆಜೆಟಿಯರ್ ಹೇಳುತ್ತದೆ. ಊರು ಬಡವಾದದ್ದು ಹಾಗೆ. ಇದನ್ನೂ ಬರೆಯಿರಿ. ಚೆಂದದ ಗುಮ್ಮಟದ ಪಕ್ಕದಲ್ಲಿ ಕೆಟ್ಟ ಸಂಗತಿ ಬರೆದರೆ ಗುಮ್ಮಟದ ಚೆಂದ ಕಡಿಮೆಯಾಗುವುದಿಲ್ಲ, ನೋಡುವವರಿಗೆ ನಿಮ್ಮ ಮೇಲೆ ನಂಬಿಕೆ ಬರುತ್ತದೆ.

ಕುಣಿಗಲ್ಲಿನ ಹುಡುಗರು ಕುದುರೆ ಫಾರಂನ ಫೋಟೋಗಳನ್ನು ಮೂರನೇ ಮೇಜಿಗೆ ಕೊಟ್ಟಿದ್ದೀರಿ. ಟಿಪ್ಪು ತನ್ನ ಅಶ್ವದಳಕ್ಕಾಗಿ ಶುರುಮಾಡಿದ್ದು ಎಂದು ಊರಿನವರು ಹೆಮ್ಮೆಯಿಂದ ಹೇಳುವ ಜಾಗ ಅದು, ಪ್ರದರ್ಶನದಲ್ಲಿ ಇರಲೇಬೇಕು. ಆದರೆ ಕುದುರೆ ಸಾಕುವುದು ಇಸ್ಲಾಮಿನ ಕಲೆಯೇ? ದೊರೆ ಮುಸಲ್ಮಾನನಾದರೆ ಅವನ ಲಾಯವೂ ಮುಸಲ್ಮಾನವಾಗುತ್ತದೆಯೇ? ಹಾಗಾದರೆ ಮಹಾರಾಜರ ರೈಲು ಹಿಂದೂ ರೈಲೇ? ಕುದುರೆಯನ್ನು ಹುಲ್ಲು, ನೀರು, ಲಾಳ, ಸವಾರ ಇವುಗಳ ಜೊತೆ ಇಡಿ. ಲಾಳ ಬಡಿದವರು, ಹುಲ್ಲು ಕೊಯ್ದು ಹೊತ್ತವರು ಯಾರೆಂದು ಊರಿನ ಹಿರಿಯರನ್ನು ಕೇಳಿ ಬರೆಯಿರಿ.

ಇನ್ನು ನಮ್ಮ ಗುಬ್ಬಿ. ಗುಬ್ಬಿ ಎಂದರೆ ನಾಟಕ. 1884ರಲ್ಲಿ ಇಲ್ಲಿ ಹುಟ್ಟಿ ವೀರಣ್ಣನವರ ಕಾಲಕ್ಕೆ ನಾಡೆಲ್ಲ ಹೆಸರಾದ ಕಂಪನಿ. ನಾನು ಚಿಕ್ಕವಳಿದ್ದಾಗ ನೋಡಿದ ಕಂಪನಿ ನಾಟಕಗಳ ದರ್ಬಾರ್ ಪರದೆ ಈಗಲೂ ಕಣ್ಣಿಗೆ ಕಟ್ಟಿದೆ. ಮೇಲೆ ಪಕಳೆ ಪಕಳೆಯಾಗಿ ಕೊರೆದ ಕಮಾನು, ಎರಡೂ ಕಡೆ ತೆಳ್ಳನೆಯ ಕಂಬ, ನೆಲಕ್ಕೆ ಕಪ್ಪು ಬಿಳುಪು ಚೌಕ. ಅದರ ಮುಂದೆ ಇಂದ್ರ ಬಂದು ಕೂರುತ್ತಿದ್ದ, ದುರ್ಯೋಧನ ಕೂರುತ್ತಿದ್ದ, ಹರಿಶ್ಚಂದ್ರನೂ ಕೂರುತ್ತಿದ್ದ. ಆ ಕಮಾನು ದಿಲ್ಲಿ, ಆಗ್ರಾಗಳಿಂದ ಬಂದದ್ದೇ ಎಂದು ಯಾರೂ ಕೇಳಲಿಲ್ಲ, ಅದು ನಮ್ಮ ದೇವಲೋಕವೇ ಆಗಿತ್ತು. ದರ್ಬಾರು, ಪರದೆ ಎರಡೂ ಪಾರಸಿ ಮಾತು. ನಿಮ್ಮ ಜಿಲ್ಲೆ, ತಾಲ್ಲೂಕು, ಅರ್ಜಿ ಎಲ್ಲ ಆ ಕಡೆಯಿಂದಲೇ ಬಂದವು. ಹಳೆಯ ನಾಟಕದ ಪರದೆಯ ತುಂಡೊಂದು ಸಿಕ್ಕರೆ ಅದನ್ನು ಶಿರಾ ಮಸೀದಿಯ ಕಮಾನಿನ ಫೋಟೋ ಪಕ್ಕ ತೂಗುಹಾಕಿ. ಮೇಜುಗಳ ನಡುವೆ ನೀವು ಎಳೆದ ಗೆರೆ ತಾನಾಗಿ ಅಳಿಸುತ್ತದೆ.

ಈಗ ನನ್ನದೊಂದು ತಪ್ಪು ಹೇಳಬೇಕು. ಬಹಳ ವರ್ಷದ ಹಿಂದೆ ಶಾಲೆಯಲ್ಲಿ ಹೀಗೇ ಒಂದು ಪ್ರದರ್ಶನ ಮಾಡಿದ್ದೆವು. ತುಮಕೂರಿನ ಮಂಡಿಪೇಟೆ ಕಡೆಯ ಒಬ್ಬ ಅಜ್ಜಿ, ನನ್ನ ವಿದ್ಯಾರ್ಥಿನಿಯೊಬ್ಬಳ ತಾಯಿಯ ತಾಯಿ, ತಮ್ಮ ಮದುವೆಗೆ ಬಂದಿದ್ದ ಪಾನ್‌ದಾನ್ ಕೊಟ್ಟಿದ್ದರು. ಬೀದರಿ ಕೆಲಸದ್ದು. ಅಂಗೈ ಅಗಲದ ಮುಚ್ಚಳ, ಅದರ ಮೇಲೆ ಬೆಳ್ಳಿ ತಂತಿಯಲ್ಲಿ ಗಸಗಸೆ ಹೂವಿನ ಬಳ್ಳಿ. ಮೈಯೆಲ್ಲ ಕಪ್ಪು. ನನಗೆ ಅದು ಮಸಿ ಹಿಡಿದಂತೆ ಕಂಡಿತು. ಮಕ್ಕಳ ಕಣ್ಣಿಗೆ ಚೆನ್ನಾಗಿ ಕಾಣಲೆಂದು ಹಿಂದಿನ ರಾತ್ರಿ ಹಿತ್ತಿಲಲ್ಲಿ ಕೂತು, ದೇವರ ದೀಪ ಬೆಳಗುವ ಹಾಗೆ, ಹುಣಸೆಹಣ್ಣು ಬೂದಿ ಹಾಕಿ ಮುಚ್ಚಳ ತಿಕ್ಕಿದೆ. ಕಪ್ಪು ಬಿಟ್ಟುಕೊಂಡು ಬೂದು ಬಣ್ಣದ ಲೋಹ ಎದ್ದಿತು. ಬೆಳ್ಳಿ ಹೂವು ಆ ಬೂದು ಬಣ್ಣದಲ್ಲಿ ಕಾಣದೇ ಹೋಯಿತು. ಆಗ ಕೈ ನಿಲ್ಲಿಸಿದೆ.

ಬೀದರಿಯವರ ಕೆಲಸ ಏನೆಂದು ನಾನು ಓದಿಕೊಂಡದ್ದು ಅದಾದ ಮೇಲೆ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ಯುತ್ತಾರೆ. ಮೈ ನಯ ಮಾಡಿ, ಮೈಲುತುತ್ತದ ನೀರು ಹಚ್ಚಿ ತಾತ್ಕಾಲಿಕವಾಗಿ ಕಪ್ಪು ಮಾಡಿ, ಅದರ ಮೇಲೆ ಉಳಿಯಿಂದ ಚಿತ್ತಾರ ಕೊರೆಯುತ್ತಾರೆ. ಕೊರೆದ ಗೀರಿನೊಳಗೆ ಬೆಳ್ಳಿ ತಂತಿ ಇಟ್ಟು ಬಡಿದು ಕೂರಿಸುತ್ತಾರೆ. ಕೊನೆಗೆ ಬೀದರ್ ಕೋಟೆಯ ಹಳೆಯ ಮಣ್ಣನ್ನು ನವಸಾಗರದ ಜೊತೆ ನೀರಿನಲ್ಲಿ ಕಲಸಿ ಬಿಸಿ ಮಾಡಿ ಬಳಿಯುತ್ತಾರೆ. ಆಗ ಸತು ಮಾತ್ರ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಮಳೆ ಬಿಸಿಲು ಕಾಣದ ಜಾಗದ ಮಣ್ಣೇ ಬೇಕೆಂದು ನಾಲಿಗೆಗೆ ಹಚ್ಚಿ ಪರೀಕ್ಷೆ ಮಾಡುವ ಕಸುಬುದಾರರಿದ್ದಾರೆ. ನಾನು ಹಿತ್ತಿಲಲ್ಲಿ ತಿಕ್ಕಿ ತೆಗೆದದ್ದು ಮಸಿಯಲ್ಲ, ಆ ಕಲೆಯ ಅರ್ಧ ಜೀವ. ವಾಪಸು ಕೊಡಲು ಹೋದಾಗ ಅಜ್ಜಿ ಮುಚ್ಚಳದ ಮೇಲೆ ಬೆರಳಾಡಿಸಿ, ‘ಬೆಳಗಿಬಿಟ್ಟೆಯೇನಮ್ಮಾ’ ಎಂದರು. ಬೈಯಲಿಲ್ಲ. ಅದೇ ಪಾನ್‌ದಾನ್‌ನಿಂದ ನನಗೆ ಎಲೆ ಮಡಿಸಿ ಕೊಟ್ಟರು. ಆ ಎಲೆಯ ರುಚಿ ನನಗೆ ಗೊತ್ತಾಗಲಿಲ್ಲ.

ಆದ್ದರಿಂದ, ಏನು ತಂದರೂ ತಂದ ಸ್ಥಿತಿಯಲ್ಲೇ ಇಡಿ. ಬ್ರಾಸೋ, ಹುಣಸೆಹಣ್ಣು, ವಿಭೂತಿ ಯಾವುದೂ ಬೇಡ. ಹಳೆಯ ಕಾಗದ ಹರಿದಿದ್ದರೆ ಸೆಲೋಟೇಪ್ ಅಂಟಿಸಬೇಡಿ, ಲ್ಯಾಮಿನೇಷನ್ ಅಂತೂ ಮಾಡಿಸಲೇಬೇಡಿ. ಕೈಬರಹದ ಹೊತ್ತಗೆಗಳ ಹತ್ತಿರ ಪೆನ್ನು ಹಿಡಿದು ಹೋಗಬೇಡಿ, ಪೆನ್ಸಿಲ್ ಸಾಕು. ಮ್ಯೂಸಿಯಂನವರು ಕಾಗದ, ಬಟ್ಟೆಗಳಿಗೆ 50 ಲಕ್ಸ್‌ಗಿಂತ ಹೆಚ್ಚು ಬೆಳಕು ಬೀಳಲು ಬಿಡುವುದಿಲ್ಲ. ನಿಮ್ಮ ಕಾಲೇಜಿನ ಹಾಲಿನಲ್ಲಿ ಅದನ್ನು ಅಳೆಯುವ ಯಂತ್ರ ಇರಲಾರದು, ಕಿಟಕಿಗೆ ದಪ್ಪ ಪರದೆ ಹಾಕಿದರಾಯಿತು. ಯಾರಿಂದ ಏನು ತಂದಿರಿ, ಯಾವ ಸ್ಥಿತಿಯಲ್ಲಿತ್ತು ಎಂದು ಎರಡು ಪ್ರತಿ ಬರೆದು ಒಂದನ್ನು ಅವರ ಕೈಗೆ ಕೊಡಿ.

ಕುರಾನಿನ ಹಳೆಯ ಪ್ರತಿ ಯಾರಾದರೂ ಕೊಟ್ಟರೆ ಮೊದಲು ಅವರನ್ನೇ ಕೇಳಿ: ಯಾರು ಮುಟ್ಟಬಹುದು, ಎಷ್ಟು ಎತ್ತರದಲ್ಲಿ ಇಡಬೇಕು, ಯಾವ ಪುಟ ತೆರೆದಿಡಬೇಕು. ಅದರ ಮೇಲೆ ಬೇರೆ ಏನನ್ನೂ ಇಡಬಾರದು, ನೆಲದ ಮಟ್ಟದಲ್ಲಂತೂ ಇಡಲೇಬಾರದು. ತೆರೆದ ಪುಟದಲ್ಲಿ ಏನಿದೆ ಎಂದು ಓದಬಲ್ಲವರನ್ನು ಕರೆದು ಕೇಳಿ ಕನ್ನಡದಲ್ಲಿ ಬರೆಯಿರಿ. ಬರೀ ‘ಸುಂದರ ಕೈಬರಹ’ ಎಂದು ಬರೆದರೆ ಸಾಲದು. ಅದು ಓದುವ ಪುಸ್ತಕ, ಚಿತ್ತಾರದ ತಗಡಲ್ಲ.

ಬಾಬಯ್ಯನ ಪಂಜದ ವಿಷಯಕ್ಕೆ ಬರುತ್ತೇನೆ. ಈ ಕಾಗದ ಬರೆಯಲು ಕೂತದ್ದೇ ಅದಕ್ಕಾಗಿ. ನಿಮ್ಮ ಪಟ್ಟಿಯಲ್ಲಿ ‘ಹಿತ್ತಾಳೆ ಹಸ್ತ, ಮೊಹರಂ, 1’ ಎಂದಿತ್ತು. ಗುಬ್ಬಿ ಹತ್ತಿರದ ಒಂದು ಹಳ್ಳಿಯಿಂದ ತರುತ್ತೇವೆ, ಊರಿನ ಯಜಮಾನರು ಒಪ್ಪಿದ್ದಾರೆ ಎಂದಿರಿ.

ಮ್ಯೂಸಿಯಂ ಲೆಕ್ಕದಲ್ಲಿ ಅದು ಲೋಹದ ಕೆಲಸ. ಕರ್ಬಲಾದಲ್ಲಿ 680ನೇ ಇಸವಿಯಲ್ಲಿ ಮಡಿದ ಇಮಾಮ್ ಹುಸೇನರ ನೆನಪಿನ ಧ್ವಜದ ತುದಿ, ಅಲಂ ಎನ್ನುತ್ತಾರೆ. ಐದು ಬೆರಳು ಪೈಗಂಬರರು, ಅಲಿ, ಫಾತಿಮಾ, ಹಸನ್, ಹುಸೇನ್ ಐವರ ಗುರುತು. ಬಿಜಾಪುರ, ಗೋಲ್ಕೊಂಡದ ಇಂಥ ಅಲಂಗಳು ದೊಡ್ಡ ಮ್ಯೂಸಿಯಂಗಳ ಗಾಜಿನ ಹಿಂದೆ ಇವೆ. ಆದರೆ ನಮ್ಮ ಕಡೆ ಅದು ವಸ್ತುವಲ್ಲ, ಅದು ಬಾಬಯ್ಯ. ವರ್ಷವೆಲ್ಲ ಪೆಟ್ಟಿಗೆಯಲ್ಲಿ ಮಲಗಿರುತ್ತಾನೆ. ಹಬ್ಬಕ್ಕೆ ತೆಗೆದು ತೊಳೆದು, ಗಂಧ ಹಚ್ಚಿ, ಬಟ್ಟೆ ಉಡಿಸಿ, ಹೂವು ಮುಡಿಸಿ ಕೂರಿಸುತ್ತಾರೆ. ಜನ ಹರಕೆ ಹೊತ್ತು ಬರುತ್ತಾರೆ, ಸಕ್ಕರೆ ಓದಿಸುತ್ತಾರೆ, ಲಾಡಿ ಕಟ್ಟಿಸಿಕೊಳ್ಳುತ್ತಾರೆ. ಕೊಂಡ ಹಾಯುತ್ತಾರೆ. ಹತ್ತನೇ ದಿನ ನೀರಿಗೆ ಹೋಗಿ ಬರುತ್ತಾನೆ. ಹಿಂದಿನ ರಾತ್ರಿಯನ್ನು ನಮ್ಮವರು ‘ಕತ್ತಲ ರಾತ್ರಿ’ ಎನ್ನುತ್ತಾರೆ. ಕೊಲೆ ಎಂಬ ಅರ್ಥದ ಅರಬ್ಬಿಯ ‘ಕತ್ಲ್’ ಕನ್ನಡದ ಬಾಯಲ್ಲಿ ಕತ್ತಲಾಗಿದೆ. ಒಂದು ಊರು ಒಂದು ದುಃಖವನ್ನು ತನ್ನದು ಮಾಡಿಕೊಂಡ ಬಗೆ ಆ ಒಂದು ಮಾತಿನಲ್ಲಿದೆ. ಮುಸಲ್ಮಾನರ ಒಂದು ಮನೆಯೂ ಇಲ್ಲದ ಹಳ್ಳಿಗಳಲ್ಲಿ ಬಾಬಯ್ಯನನ್ನು ಕಾಯುವವರು ಒಕ್ಕಲಿಗರು, ಕುರುಬರು, ನಾಯಕರು, ಲಿಂಗಾಯತರು. ಅವರನ್ನು ನಿಮ್ಮ ನಾಲ್ಕು ಮೇಜುಗಳಲ್ಲಿ ಎಲ್ಲಿ ಕೂರಿಸುತ್ತೀರಿ?

ಯಜಮಾನರು ಒಪ್ಪಿರಬಹುದು. ಕಾಲೇಜಿನ ಮಕ್ಕಳು ಮನೆ ಬಾಗಿಲಿಗೆ ಬಂದು ಕೇಳಿದರೆ ನಮ್ಮ ಹಳ್ಳಿಯವರು ಇಲ್ಲ ಅನ್ನುವುದಿಲ್ಲ. ಹರಕೆ ಹೊತ್ತ ಹೆಂಗಸರನ್ನು ಕೇಳಿದಿರಾ? ಪೆಟ್ಟಿಗೆಯ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡಿರುವ ಅಜ್ಜನನ್ನು ಕೇಳಿದಿರಾ? ಹಬ್ಬವಲ್ಲದ ದಿನ ಎಬ್ಬಿಸಿ, ಬಟ್ಟೆ ಬಿಚ್ಚಿ, ನಂಬರ್ ಚೀಟಿ ಅಂಟಿಸಿ ಟ್ಯೂಬ್‌ಲೈಟ್ ಕೆಳಗೆ ನಿಲ್ಲಿಸಿದರೆ ಆತ ಹಿತ್ತಾಳೆಯಾಗಿಬಿಡುತ್ತಾನೆ. ನಾನು ಪಾನ್‌ದಾನ್ ತಿಕ್ಕಿದ್ದಕ್ಕೂ ಅದಕ್ಕೂ ವ್ಯತ್ಯಾಸವಿಲ್ಲ.

ಹಾಗಾದರೆ ಪ್ರದರ್ಶನದಲ್ಲಿ ಬಾಬಯ್ಯ ಬೇಡವೇ? ಖಂಡಿತ ಬೇಕು. ಒಂದು ಮರದ ಪೀಠ ಮಾಡಿಸಿ, ಅದರ ಮೇಲೆ ಹಸಿರು ಬಟ್ಟೆ ಹಾಸಿ, ಖಾಲಿ ಬಿಡಿ. ಪಕ್ಕದಲ್ಲಿ ಚೀಟಿ ಇಡಿ: ಇಲ್ಲಿ ಇರಬೇಕಾದವನು ತನ್ನ ಊರಿನಲ್ಲಿದ್ದಾನೆ, ಊರಿನ ಹೆಸರು ಇಂಥದ್ದು, ಹಬ್ಬ ಇಂಥ ದಿನ, ಗುಬ್ಬಿಯಿಂದ ಬಸ್ಸು ಇಷ್ಟು ಗಂಟೆಗೆ. ಬೀಗದ ಕೈ ಇಟ್ಟುಕೊಂಡ ಅಜ್ಜನ ಮಾತನ್ನು, ಅವರು ಒಪ್ಪಿದರೆ, ಅವರ ಧ್ವನಿಯಲ್ಲೇ ಫೋನಿನಲ್ಲಿ ಹಿಡಿದು ಕೇಳಿಸಿ. ಆ ಖಾಲಿ ಪೀಠದ ಮುಂದೆ ಜನ ಹೆಚ್ಚು ಹೊತ್ತು ನಿಲ್ಲುತ್ತಾರೆ ಎಂದು ನನಗೆ ಅನ್ನಿಸುತ್ತದೆ.

ಖಾಲಿ ಜಾಗಗಳು ನಮಗೆ ಹೊಸತಲ್ಲ. ಬಿಜಾಪುರದ ಆಸಾರ್ ಮಹಲಿನ ಗ್ರಂಥಭಂಡಾರ 1853ರಲ್ಲಿ ಲಂಡನ್ನಿಗೆ ಹೋಯಿತು. ಒಂದನೇ ಅಲಿ ಆದಿಲ್‌ಶಾಹನ ಕಾಲದ, 1570ರ ‘ನುಜೂಮ್ ಉಲ್ ಉಲೂಮ್’ ಡಬ್ಲಿನ್ ನಗರದ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ. ಟಿಪ್ಪುವಿನ ಮರದ ಹುಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಅವನ ಖಡ್ಗವೊಂದು 2023ರ ಮೇ ತಿಂಗಳಲ್ಲಿ ಹರಾಜಿನಲ್ಲಿ 1 ಕೋಟಿ 40 ಲಕ್ಷ ಪೌಂಡಿಗೂ ಮೇಲೆ ಹೋಯಿತು. ಗೋಳಗುಮ್ಮಟದ ಮುಂದಿನ ನಗಾರಖಾನೆಯಲ್ಲಿ 1892ರಿಂದ ಇರುವ ಮ್ಯೂಸಿಯಂನಲ್ಲಿ ಉಳಿದ ರತ್ನಗಂಬಳಿ, ಹೊತ್ತಗೆಗಳನ್ನು ನೋಡಿದಾಗಲೆಲ್ಲ ಹೋದದ್ದು ಎಷ್ಟೋ ಎಂದು ನನಗೆ ಹೊಟ್ಟೆ ಉರಿಯುತ್ತದೆ. ಆದರೆ ನಮ್ಮ ಜಿಲ್ಲೆಯ ಮನೆಗಳ ಅಟ್ಟದ ಮೇಲೆ, ಟ್ರಂಕುಗಳಲ್ಲಿ, ಮಕಾನುಗಳ ಗೂಡುಗಳಲ್ಲಿ ಇನ್ನೂ ಇರುವುದು ನಿಮ್ಮ ಕೈಗೆ ಬರಲಿದೆ. ಯಾವ ಸುಲ್ತಾನನ ಹೆಸರೂ ಇಲ್ಲದವು. ಎಲೆ ಅಡಿಕೆ ತಟ್ಟೆ, ಗುಲಾಬ್‌ದಾನಿ, ನಿಕಾಹ್‌ನಾಮೆಯ ಕಾಗದ, ಕಸೂತಿ ಹಾಕಿದ ಟೋಪಿ. ಅವಕ್ಕೆ ಚೀಟಿ ಬರೆಯುವ ಮೊದಲಿಗರು ನೀವೇ.

ಮುಂದಿನ ಭಾನುವಾರ ಶಿರಾಕ್ಕೆ ಹೋಗೋಣ. ಬೆಳಿಗ್ಗೆ ಏಳೂವರೆಗೆ ತುಮಕೂರು ಬಸ್ ನಿಲ್ದಾಣದಲ್ಲಿ ಇರುತ್ತೇನೆ. ನಮಾಜಿನ ಹೊತ್ತು ಬಿಟ್ಟು ಮಸೀದಿಯವರ ಅಪ್ಪಣೆ ಕೇಳಿ ಒಳಗೆ ಹೋಗೋಣ. ಪೆನ್ಸಿಲ್ ತನ್ನಿ.

ಮಂಡಿಪೇಟೆಯ ಅಜ್ಜಿ ಈಗಿಲ್ಲ. ಪಾನ್‌ದಾನ್ ಅವರ ಮೊಮ್ಮಗಳ ಮನೆಯಲ್ಲಿದೆ. ನಿನ್ನೆ ಫೋನ್ ಮಾಡಿ ನಿಮ್ಮ ಪ್ರದರ್ಶನಕ್ಕೆ ಕೇಳಿದೆ, ಕೊಡುತ್ತೇನೆ ಎಂದಳು. ಅದರ ಚೀಟಿಯನ್ನು ಮಾತ್ರ ನಾನು ಬರೆದಿದ್ದೇನೆ, ಇದರ ಜೊತೆ ಇಟ್ಟಿದ್ದೇನೆ. ಅಕ್ಷರ ಬದಲಿಸದೆ ಹಾಗೇ ಇಡಿ:

ಪಾನ್‌ದಾನ್. ಸತು, ತಾಮ್ರ, ಬೆಳ್ಳಿ. ಬೀದರಿನ ಕಸುಬುದಾರರ ಕೆಲಸ, ಮಾಡಿದವರ ಹೆಸರು ಬರೆದಿಟ್ಟಿಲ್ಲ. ತುಮಕೂರಿನ ಒಂದು ಮನೆಗೆ ಮದುವೆಯ ಉಡುಗೊರೆಯಾಗಿ ಬಂದದ್ದು. ಮೂರು ತಲೆಮಾರು ಬಳಸಿದ್ದಾರೆ. ಒಳಗಿನ ಕೆಂಪು ಕಲೆ ಕಾಚಿನದು. ಮುಚ್ಚಳದ ಮೇಲೆ ಕಪ್ಪು ಹೋಗಿರುವ ಜಾಗ ಗುಬ್ಬಿಯ ಶಿಕ್ಷಕಿಯೊಬ್ಬಳು ಹುಣಸೆಹಣ್ಣಿನಿಂದ ತಿಕ್ಕಿದ್ದರಿಂದ ಆದದ್ದು.

ನಿಮ್ಮ,
ಗುಬ್ಬಿಯ ನಿವೃತ್ತ ಇತಿಹಾಸ ಶಿಕ್ಷಕಿ